ಮೀನು ಓದುವ ಪಂಚಾಂಗ

ನೀರಿನಲ್ಲಿ ಮೀನಿನ ಹೆಜ್ಜೆಯನ್ನು ಕಂಡವರಿಲ್ಲವೆಂದು ನಮ್ಮಲ್ಲಿ ಹೇಳುವುದುಂಟು. ಆದರೆ ಐವತ್ತು ವರ್ಷ ಗಾಳ ಹಾಕಿ, ಈಗ ಕೋಲನ್ನು ಮೂಲೆಗೊರಗಿಸಿರುವ ಇಂಗ್ಲೆಂಡಿನ ವೃದ್ಧನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಕೆರೆಯ ದಂಡೆಯಲ್ಲಿ ನಿಂತು, ಇಂದು ಮೀನು ಎಲ್ಲಿದೆಯೆಂದು ಕೇಳಿದರೆ, ಆತನು ತಿಂಗಳು ಯಾವುದೆಂದು ಯೋಚಿಸಿ, ನೀರಿಗೆ ಕೈಯಿಟ್ಟು ನೋಡಿ, ಬಳಿಕ ಉತ್ತರ ಹೇಳುತ್ತಾನೆ. ಈ ಅನುಭವದ ಹಿಂದಿರುವ ಭೌತಶಾಸ್ತ್ರವೇನು?

ಆ ದೇಶದಲ್ಲಿ ಸಾಲ್ಮನ್, ಟ್ರೌಟ್ ಮೊದಲಾದವನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ‘ಕೋರ್ಸ್’ ಮೀನುಗಳೆನ್ನುತ್ತಾರೆ. ರೋಚ್, ಬ್ರೀಮ್, ಟೆಂಚ್, ಕಾರ್ಪ್, ಪೈಕ್ ಈ ಗುಂಪಿನವು. ಇವನ್ನು ಹಿಡಿದು, ನೋಡಿ, ಮರಳಿ ನೀರಿಗೆ ಬಿಡುವುದೇ ಅಲ್ಲಿನ ವಾಡಿಕೆ. ಮೀನು ಶೀತರಕ್ತದ ಪ್ರಾಣಿಯಾದುದರಿಂದ ಅದರ ಒಡಲಿನ ಉಷ್ಣತೆ ನೀರಿನೊಡನೆಯೇ ಏರಿಳಿಯುತ್ತದೆ. ಹಸಿವೂ ಉಸಿರಾಟವೂ ಅದನ್ನೇ ಅನುಸರಿಸುತ್ತವೆ.

ಶರತ್ಕಾಲದಲ್ಲಿ ಕೆರೆಯ ಮೇಲ್ಪದರ ತಣಿದು, ಭಾರವಾಗಿ, ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಪದರಪದರವಾಗಿ ನಿಂತಿದ್ದ ನೀರು ಹೀಗೆ ಕಲೆತುಹೋಗುತ್ತದೆ. ಚಳಿಗಾಲಕ್ಕೆ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ಮೀನುಗಳು ಅಲೆಯುವ ಈ ದಿನಗಳು ಗಾಳಗಾರನಿಗೆ ಸುಗ್ಗಿ.

ಚಳಿಗಾಲದ ರಹಸ್ಯವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹೋಪ್‌ನ ಉಪಕರಣವನ್ನು ಕಂಡ ವಿದ್ಯಾರ್ಥಿಗಳು ಬಲ್ಲರು. ನೀರಿನ ಸಾಂದ್ರತೆ ಅತ್ಯಧಿಕವಾಗಿರುವುದು ೪ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಮೇಲೆ ಮಂಜುಗಡ್ಡೆಯಿದ್ದರೂ ಆಳದ ಕೆರೆಯ ತಳದಲ್ಲಿ ಸುಮಾರು ೪ ಡಿಗ್ರಿಯ ನೀರು ಉಳಿಯುತ್ತದೆ. ಟೆಂಚ್ ಅಲ್ಲಿ ಕೆಸರಿನ ಬಳಿ ಮೇವು ಮರೆತು ನಿಶ್ಚಲವಾಗಿರುತ್ತದೆ. ಪೈಕ್ ಮಾತ್ರ ಆಗಲೂ ಬೇಟೆಯಾಡುತ್ತದೆ. ನೀರಿಗೆ ಈ ವಿಚಿತ್ರ ಗುಣವಿಲ್ಲದಿದ್ದರೆ ಕೆರೆ ತಳದಿಂದಲೇ ಗಡ್ಡೆಕಟ್ಟಿ, ಮೀನಿನ ಕುಲಕ್ಕೆ ಆಶ್ರಯವೇ ಇರುತ್ತಿರಲಿಲ್ಲ.

ವಸಂತ ಬಂದಿತೆಂದರೆ ಸಂತಾನದ ಕಾಲ. ಮೊಟ್ಟೆಯಿಡುವ ಮೀನುಗಳಿಗೆ ವಿಶ್ರಾಂತಿ ದೊರೆಯಲೆಂದು ಇಂಗ್ಲೆಂಡಿನಲ್ಲಿ ೧೮೭೮ರಲ್ಲಿ ಕಾನೂನು ಮಾಡಿದರು. ಇಂದಿಗೂ ಅಲ್ಲಿನ ನದಿಗಳಲ್ಲಿ ಮಾರ್ಚ್ ೧೫ರಿಂದ ಜೂನ್ ೧೫ರವರೆಗೆ ಈ ಮೀನುಗಳಿಗೆ ಗಾಳ ಹಾಕುವಂತಿಲ್ಲ. ನಿಂತ ನೀರಿನ ಬಹುತೇಕ ಕೆರೆಗಳಿಗೆ ಈ ನಿಷೇಧವನ್ನು ೧೯೯೫ರಲ್ಲಿ ತೆಗೆದುಹಾಕಲಾಯಿತು. ಆದರೆ ಮೀನಿಗೆ ತಾರೀಖು ತಿಳಿಯದು. ಪೈಕ್ ವಸಂತದ ಆದಿಯಲ್ಲಿಯೇ ಮೊಟ್ಟೆಯಿಡುತ್ತದೆ. ಟೆಂಚ್, ಕಾರ್ಪ್‌ಗಳು ನೀರು ೧೮-೨೦ ಡಿಗ್ರಿಯ ಸಮೀಪಕ್ಕೆ ಬರುವವರೆಗೂ ಕಾಯುತ್ತವೆ. ಚಳಿ ಹಿಂಜರಿಯದ ವರ್ಷ, ಜೂನ್ ೧೬ರ ಬೆಳಗ್ಗೆ ಗಾಳಕ್ಕೆ ಬಿದ್ದ ಟೆಂಚಿನ ಬಸಿರಿನಲ್ಲಿ ಇನ್ನೂ ಮೊಟ್ಟೆಗಳಿರಬಹುದು. ಕಾನೂನು ಓದುವುದು ಒಂದು ಪಂಚಾಂಗ, ಮೀನು ಓದುವುದು ಇನ್ನೊಂದು.

ಬೇಸಿಗೆಯಲ್ಲಿ ಈ ಭೇದ ಪ್ರಾಣಾಂತಿಕವಾಗಬಲ್ಲದು. ಗಾಳಿಯೊಡನೆ ಸಮತೋಲದಲ್ಲಿರುವ ಒಂದು ಲೀಟರ್ ಸಿಹಿನೀರು ೦ ಡಿಗ್ರಿಯಲ್ಲಿ ಸುಮಾರು ೧೪.೬ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ. ೨೫ ಡಿಗ್ರಿಯಲ್ಲಿ ೮.೩ ಮಾತ್ರ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ, ದೊರೆಯುವುದು ಕಡಿಮೆಯಾಗುತ್ತದೆ. ರಾತ್ರಿ ಜಲಸಸ್ಯಗಳೂ ಆಮ್ಲಜನಕವನ್ನೇ ಬಳಸುವುದರಿಂದ ಕೊರತೆ ಅತಿ ತೀವ್ರವಾಗಿರುವುದು ಬೆಳಗಿನ ಜಾವದಲ್ಲಿ. ಹಳೆಯ ಗಾಳಗಾರರಿಗೆ ಅಚ್ಚುಮೆಚ್ಚಿನ ಹೊತ್ತೂ ಅದೇ! ಗಾಳದೊಡನೆ ಸೆಣಸಿ ಬಳಲಿದ ಮೀನನ್ನು ಅಂತಹ ನೀರಿಗೆ ಮರಳಿ ಬಿಟ್ಟರೆ ಅದು ಬದುಕುವುದೆಂಬ ಭರವಸೆಯೇನು?

೨೦೨೨ರ ಜುಲೈ ೧೯ರಂದು ಲಿಂಕನ್‌ಷೈರಿನ ಕಾನಿಂಗ್ಸ್‌ಬಿಯಲ್ಲಿ ಗಾಳಿಯ ಉಷ್ಣತೆ ೪೦.೩ ಡಿಗ್ರಿ ಮುಟ್ಟಿತು. ಇಂತಹ ದಿನಗಳು ಮುಂದೆ ಇನ್ನೂ ಹೆಚ್ಚುವುವೆಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಎರೆಹುಳುವನ್ನೂ ಬೆಂಡನ್ನೂ ಸಿದ್ಧಮಾಡಿಕೊಂಡು ಬಂದ ಯುವಕನಿಗೆ ನಮ್ಮ ವೃದ್ಧನು ಕೊಡಬಹುದಾದ ಬುದ್ಧಿವಾದ ಒಂದೇ: ಚೀಲದಲ್ಲಿ ಉಷ್ಣಮಾಪಕವೂ ಇರಲಿ. ನೀರು ತೀರ ಬೆಚ್ಚಗಿದ್ದು, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಗಾಳವನ್ನು ಬಿಚ್ಚದೆ ಮನೆಗೆ ಹಿಂದಿರುಗು.