ಕಾಳಿಯ ಕಲ್ಲು

ಯುದ್ಧ ಗೆದ್ದ ಬಂಟನಿಗೆ ಒಡೆಯ ‘ಮೆಚ್ಚಿದೆ, ಏನು ಬೇಕೋ ಬೇಡಿಕೋ’ ಎಂದರೆ ಅವನು ಕೇಳುವುದು ಊರು, ಉಂಬಳಿ, ಪದವಿ. ಗಂಗರ ದೊರೆ ಬೂತುಗನ ಬಂಟ ಮಣಲೆರ ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆ ಕಾಲದ ಎಷ್ಟೋ ಸಾಮಂತರ ಹೆಸರು ಅಳಿಸಿಹೋಗಿವೆ, ಕಾಳಿಯ ಹೆಸರು ಉಳಿದಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಈಗಿನ ಆತಗೂರಿನಲ್ಲಿ, ಕ್ರಿ.ಶ. 949-50ರ ಸುಮಾರಿಗೆ ಮಣಲೆರ ಆ ನಾಯಿಗೆಂದು ನಿಲ್ಲಿಸಿದ ಶಾಸನದ ಕಲ್ಲೇ ಅದಕ್ಕೆ ಕಾರಣ.

ಆ ಕಲ್ಲು ಹೇಗೆ ಬಂತು ಎಂದು ತಿಳಿಯಲು ತಕ್ಕೋಲದ ರಣಕ್ಕೆ ಹೋಗಬೇಕು. ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ಊರು ಅದು. ಒಂದು ಕಡೆ ಚೋಳ ಪರಾಂತಕನ ಮಗ ರಾಜಾದಿತ್ಯ, ಇನ್ನೊಂದು ಕಡೆ ರಾಷ್ಟ್ರಕೂಟ ಮೂರನೆಯ ಕೃಷ್ಣ, ಶಾಸನಗಳ ಕನ್ನರದೇವ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾಗಿದ್ದ ಬೂತುಗ ಭಾವಮೈದುನನ ಪರವಾಗಿ ಸೇನೆ ಸಮೇತ ಬಂದಿದ್ದ. ಆನೆಯ ಅಂಬಾರಿಯೇ ರಣರಂಗವಾಯಿತು, ಬೂತುಗ ರಾಜಾದಿತ್ಯನನ್ನು ಇರಿದು ಕೊಂದ. ಸಂತೋಷಗೊಂಡ ಕೃಷ್ಣ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟ. ಮುಂದೆ ನಿಂತು ಕಾದಿದ ಮಣಲೆರನಿಗೂ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರು ಬಾಳ್ಗಚ್ಚಾಗಿ ಬಂದವು. ಕತ್ತಿಯ ನೆತ್ತರು ತೊಳೆದು ಕೊಡುವ ಮರ್ಯಾದೆಯ ಉಂಬಳಿ ಅದು.

ಹಾಗಾಗಿ ಮಣಲೆರ ಬರಿಗೈಯವನಲ್ಲ, ಊರುಗಳು ಅವನಿಗೆ ದಕ್ಕಿದ್ದವು. ಆದರೆ ಊರುಗಳು ಕೊಟ್ಟದ್ದು, ಕಾಳಿ ಬೇಡಿ ಪಡೆದದ್ದು. ಅರಮನೆಯ ಬೇಟೆಗಳಲ್ಲಿ ಅದು ಓಡುವುದನ್ನೂ ಹಿಡಿಯುವುದನ್ನೂ ಅವನು ಎಷ್ಟು ದಿನ ನೋಡಿದ್ದನೋ! ಬಾಯಿಬಿಟ್ಟು ಕೇಳುವ ಗಳಿಗೆ ಬಂದಾಗ ಅವನ ನಾಲಿಗೆಗೆ ಮೊದಲು ಬಂದ ಹೆಸರು ಕಾಳಿಯದು ಎಂಬುದೇ ಇಡೀ ಶಾಸನದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ.

ಮುಂದಿನದನ್ನು ಶಾಸನ ಎರಡೇ ಮಾತಿನಲ್ಲಿ ಮುಗಿಸುತ್ತದೆ. ಕೆಳಲೆ ನಾಡಿನ ಬೆಳತೂರಿಗೆ ಪಡುವಣ ದಿಕ್ಕಿನ ಮೊರಡಿಯಲ್ಲಿ, ಅಂದರೆ ಗುಡ್ಡದಲ್ಲಿ, ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಕಾಡುಹಂದಿಯ ಬೇಟೆ ಕಂಡವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಗಂಡುಹಂದಿ ಓಡುವಷ್ಟು ಓಡಿ ಕೊನೆಗೆ ಬಂಡೆಗೋ ಪೊದೆಗೋ ಬೆನ್ನು ಕೊಟ್ಟು ತಿರುಗಿ ನಿಲ್ಲುತ್ತದೆ. ತಲೆ ತಗ್ಗಿಸಿ ಕೆಳಗಿನಿಂದ ಮೇಲಕ್ಕೆ ಕೋರೆಯನ್ನು ಒಮ್ಮೆ ಬೀಸಿದರೆ ನಾಯಿಯ ಹೊಟ್ಟೆ ಸೀಳಿಹೋಗುತ್ತದೆ. ಅನುಭವವಿರುವ ನಾಯಿ ಎದುರಿಗೆ ಹೋಗದೆ ಸುತ್ತು ಹಾಕುತ್ತದೆ, ಕಿವಿಗೋ ಕೊರಳಿಗೋ ಬಾಯಿ ಹಾಕಿದ ಮೇಲೆ ಬಿಡುವುದಿಲ್ಲ. ಕಾಳಿಯೂ ಬಿಟ್ಟಿರಲಾರದು. ಬಿಟ್ಟಿದ್ದರೆ ಹಂದಿಯೂ ಅಲ್ಲೇ ಸಾಯುತ್ತಿರಲಿಲ್ಲ.

ನಮ್ಮಲ್ಲಿ ವೀರಗಲ್ಲು ನಿಲ್ಲಿಸಲು ಕಾರಣಗಳು ಬೇಕಾದಷ್ಟಿದ್ದವು. ತುರುಗೋಳಿನಲ್ಲಿ ಹಸುಗಳನ್ನು ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಮಡಿದವರು, ಹೆಣ್ಣಿನ ಮಾನ ಕಾಯಲು ಹೋರಾಡಿದವರು. ಮಣಲೆರ ಆ ಮರ್ಯಾದೆಯನ್ನೇ ತನ್ನ ನಾಯಿಗೆ ಸಲ್ಲಿಸಿದ. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅಕ್ಷರಗಳ ನಡುವೆ ಜಾಗ ಬಿಟ್ಟು ನಾಯಿಯೂ ಹಂದಿಯೂ ಸೆಣಸುವುದನ್ನು ಕೆತ್ತಿಸಿದ. ಅಷ್ಟಕ್ಕೇ ಬಿಡದೆ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಅದಕ್ಕೆ ಬಿಟ್ಟ. ನೀರಾವರಿಯ ಒಳ್ಳೆಯ ಗದ್ದೆ ಅದು, ನಾಯಿಯ ಹೆಸರಿಗೆ!

ಕರಾರೂ ಇತ್ತು. ಆ ಗುಡಿಯ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವಂತಿಲ್ಲ. ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ಆ ಭೂಮಿಯನ್ನು ಕೆಡಿಸಿದವನು ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ, ಅವನಿಗೂ ಅದೇ ಪಾಪ. ದತ್ತಿ ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂಬ ಶಾಪ ನೂರಾರು ಶಾಸನಗಳಲ್ಲಿ ಸಿಗುತ್ತದೆ. ಇಲ್ಲಿ ಅದನ್ನು ಕೈಬಿಟ್ಟು ನಾಯಿಯ ಪಾಪವನ್ನೇ ಹಿಡಿದಿದ್ದಾರೆ. ಬೇಟೆನಾಯಿಯ ಬದುಕೇ ಕೊಲ್ಲುವುದು, ಪಾಪ ಇಲ್ಲದೆ ಹೇಗಿರುತ್ತದೆ? ಅದನ್ನು ಮುಚ್ಚಿಡದೆಯೇ ಅದಕ್ಕೆ ನಿತ್ಯಪೂಜೆ ಏರ್ಪಡಿಸಿದ್ದು ನಿಜವಾದ ಪ್ರೀತಿ ಎಂದೇ ನಾನು ತಿಳಿದಿದ್ದೇನೆ. ಭೈರವನ ವಾಹನ ಎಂಬ ಮಾತು ಬಿಟ್ಟರೆ ನಾಯಿಗೆ ಗುಡಿಯ ಬಾಗಿಲಲ್ಲಿ ಸಿಗುವುದು ಸಾಮಾನ್ಯವಾಗಿ ‘ಹಚಾ’ ಎನ್ನುವ ಗದರಿಕೆ. ಆತಕೂರಿನಲ್ಲಿ ಪೂಜಾರಿಯ ಅನ್ನವೇ ನಾಯಿಯ ಕಲ್ಲನ್ನು ಕಾದು ಕೂರಬೇಕಿತ್ತು.

ನಾಯಿಯನ್ನು ಕಲ್ಲಿನಲ್ಲಿ ನೆನೆದ ಊರು ಇದೊಂದೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ 7ನೆಯ ಶತಮಾನದ, ವೀರಗಲ್ಲೊಂದಿದೆ. ಒಡೆಯ ಬಿದ್ದ ಮೇಲೆ ಕೋವಿವನ್ ಎಂಬ ಅವನ ನಾಯಿ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತದ್ದನ್ನು ಅದು ಹೇಳುತ್ತದೆ. ಆ ಕಲ್ಲು ನಿಂತದ್ದು ಮನುಷ್ಯನಿಗೆ, ನಾಯಿ ಅವನ ಜೊತೆಗಿದೆ. ಕಾಳಿಯದು ಹಾಗಲ್ಲ. ಅಲ್ಲಿ ಸತ್ತದ್ದೂ ನಾಯಿ, ಪೂಜೆಯೂ ನಾಯಿಗೆ.

ಚರಿತ್ರೆ ಬರೆಯುವವರ ಮೇಲೆ ಕಾಳಿಯ ಋಣ ದೊಡ್ಡದು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ಈ ಶಾಸನವನ್ನು ಸೇರಿಸಿದರು, ಜೆ.ಎಫ್. ಫ್ಲೀಟ್ ಅದನ್ನು ಕೂಲಂಕಷವಾಗಿ ಓದಿದರು. ರಾಜಾದಿತ್ಯ ಆನೆಯ ಮೇಲೆ ಸತ್ತನೆಂಬುದು ಚೋಳರ ದಾಖಲೆಗಳಲ್ಲೂ ಇದೆ. ಆದರೆ ಕೊಂದವನು ಬೂತುಗ ಎಂದೂ, ಅದಕ್ಕೆ ಪ್ರತಿಯಾಗಿ ಯಾವ ಯಾವ ನಾಡು ಅವನ ಕೈಸೇರಿತೆಂದೂ ಹೇಳುವುದು ಶಕ 872, ಸೌಮ್ಯ ಸಂವತ್ಸರದ ಈ ಕಲ್ಲು. ದಕ್ಷಿಣ ಭಾರತದ ನಕ್ಷೆಯನ್ನೇ ಬದಲಿಸಿದ ಯುದ್ಧವೊಂದರ ವಿವರ ಹೀಗೆ ಒಂದು ನಾಯಿಯ ನೆನಪಿನ ಕಲ್ಲಿನಲ್ಲಿ ಉಳಿಯಿತು. ನಮ್ಮ ಪಠ್ಯಪುಸ್ತಕಗಳು ಯುದ್ಧವನ್ನು ಇಟ್ಟುಕೊಂಡು ನಾಯಿಯನ್ನು ಬಿಟ್ಟಿವೆ. ಇದು ನನಗೆ ಬೇಸರದ ವಿಷಯ.

ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ಕಾಳಿಯನ್ನೂ ಹಂದಿಯನ್ನೂ ತೋರಿಸಲಿ, ಮಣಲೆರ ಏನು ಬೇಡಿದ ಎಂದು ಹೇಳಲಿ. ತಕ್ಕೋಲ, ಕನ್ನರದೇವ, ಬನವಾಸಿ ಹನ್ನೆರಡು ಸಾವಿರ ಎಲ್ಲವನ್ನೂ ಮಕ್ಕಳು ಆಮೇಲೆ ತಾವಾಗಿಯೇ ಕೇಳುತ್ತಾರೆ.