ಅವಳಿ ಬಸಿರು: ದಿನ ತುಂಬುವ ಮುನ್ನ ನೋವು ಬಂದರೆ

ವಿಜಯದಾಸರು ಕೊನೆಗಾಲ ಕಳೆದ ಚಿಪ್ಪಗಿರಿಗೆ ಗುಂತಕಲ್ಲು ಹತ್ತಿರ. ಜಿಲ್ಲಾ ಕೇಂದ್ರ ಕರ್ನೂಲಿನ ದೊಡ್ಡಾಸ್ಪತ್ರೆ ಬಲು ದೂರ. ಗಡಿನಾಡಿನ ಇಂಥ ಊರುಗಳಲ್ಲಿ ಅವಳಿ ಬಸಿರೆಂದರೆ ಸಂತೋಷದ ಜೊತೆಗೆ ಎಚ್ಚರವೂ ಬೇಕು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ.

ಸದಾ ಮಲಗಿದ್ದರೆ ಹೆರಿಗೆ ಮುಂದೆ ಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಪ್ರೊಜೆಸ್ಟರಾನ್ ಔಷಧವೂ ಎಲ್ಲರಿಗೂ ಬೇಕಿಲ್ಲ. 20ನೇ ವಾರದ ಸುಮಾರಿಗೆ ಸ್ಕ್ಯಾನಿಂಗಿನಲ್ಲಿ ಗರ್ಭಕಂಠ 25 ಮಿಲಿಮೀಟರಿಗಿಂತ ಗಿಡ್ಡವೆಂದು ಕಂಡರೆ ವೈದ್ಯರು ಅದನ್ನು ಯೋಚಿಸಬಹುದು. ರಕ್ತಹೀನತೆ, ಮೂತ್ರದ ಸೋಂಕು, ರಕ್ತದೊತ್ತಡಗಳ ತಪಾಸಣೆ ತಪ್ಪಿಸಬಾರದು.

ಹೊಟ್ಟೆ ಮತ್ತೆಮತ್ತೆ ಬಿಗಿಯಾದರೆ, ನೀರು ಅಥವಾ ರಕ್ತ ಹೋದರೆ ಕೂಡಲೇ 108ಕ್ಕೆ ತಿಳಿಸಿರಿ. 34 ವಾರದೊಳಗೆ ಹೆರಿಗೆಯಾಗುವಂತಿದ್ದರೆ ಆಸ್ಪತ್ರೆಯಲ್ಲಿ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಮಕ್ಕಳ ಶ್ವಾಸಕೋಶ ಬಲಿಯಲು ನೆರವಾಗುತ್ತದೆ. ಅದರ ಪೂರ್ಣ ಗುಣಕ್ಕೆ ಒಂದೆರಡು ದಿನ ಬೇಕು. ಆದ್ದರಿಂದ ಬೆಳಗಾಗಲೆಂದು ಕಾಯುವುದು ಸಲ್ಲದು.