ಸೌದೆ ಸೀಳಲು ಕೊಡಲಿಯೋ, ಯಂತ್ರವೋ?

ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆಯಿದೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಅಲ್ಲಿಯ ದೊಡ್ಡ ಒಲೆ ಆರುವುದೇ ಇಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಬಚ್ಚಲಿನ ಒಲೆಗಂತೂ ವರ್ಷವಿಡೀ ಸೌದೆ ಬೇಕು. ಇದನ್ನೆಲ್ಲ ಮಳೆಗಾಲಕ್ಕೆ ಮೊದಲೇ ಸೀಳಿ ಕೊಟ್ಟಿಗೆಯಲ್ಲಿ ಒಟ್ಟಬೇಕು.

ಒಂದು ಬೇಸಿಗೆ ರಜೆಯಲ್ಲಿ ಹೋದಾಗ ಭಾವ ಚಿಂತೆಯಲ್ಲಿದ್ದರು. ಪ್ರತಿವರ್ಷ ಸೌದೆ ಸೀಳಲು ಬರುತ್ತಿದ್ದ ಹಿರಿಯರಿಗೆ ಅರವತ್ತು ದಾಟಿತ್ತು, ಭುಜದ ನೋವು ಬೇರೆ. "ಸೀಳುವ ಯಂತ್ರವನ್ನೇ ತರಲೋ ಹೇಗೆ? ನೀನು ವಿಜ್ಞಾನದ ಮೇಷ್ಟ್ರು, ಲೆಕ್ಕ ಹಾಕಿ ಹೇಳು" ಎಂದರು. ಏಳನೆಯ ತರಗತಿಯ ಸೊಸೆ ನಡುವೆ ಬಾಯಿ ಹಾಕಿದಳು: "ಮಾವ, ಮಷಿನ್ ತಂದರೆ ಅಜ್ಜನ ಕೆಲಸ ಹೋಗುವುದಿಲ್ಲವೆ?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಮೊದಲು ಕೊಡಲಿಯನ್ನು ನೋಡೋಣ.

ಮಕ್ಕಳೇ, ಒಂದು ಕಬ್ಬಿನ ತುಂಡನ್ನೋ ಬಿದಿರಿನ ತುಂಡನ್ನೋ ಗಮನಿಸಿ. ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಕತ್ತರಿಸುವುದು ಕಷ್ಟ. ಮರವೂ ಹಾಗೆಯೇ. ಮರವೆಂದರೆ ಉದ್ದಕ್ಕೆ ಜೋಡಿಸಿ ಅಂಟಿಸಿದ ಸಣ್ಣ ಸಣ್ಣ ನಾರುಗಳ ಕಟ್ಟು ಎಂದುಕೊಳ್ಳಿ. ನಾರನ್ನು ತುಂಡರಿಸಲು ಬಹಳ ಬಲ ಬೇಕು. ನಾರು ನಾರುಗಳ ನಡುವಿನ ಅಂಟನ್ನು ಬಿಡಿಸಲು ಅಷ್ಟು ಬೇಡ. ಸೌದೆ ಸೀಳುವವರು ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ತಲೆಯ ಮೇಲೆ ಏಟು ಹಾಕುವುದು ಇದಕ್ಕೇ.

ಕೊಡಲಿ ಒಂದು ಬೆಣೆ. ಸರಳ ಯಂತ್ರಗಳ ಪಾಠದಲ್ಲಿ ಓದಿರುತ್ತೀರಿ, ಬೆಣೆಯೆಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಇಳಿಜಾರುಗಳು. ಕೆಳಕ್ಕೆ ಒತ್ತಿದ ಬಲವನ್ನು ಅದು ಎರಡು ಪಕ್ಕಗಳಿಗೆ ತಿರುಗಿಸುತ್ತದೆ, ಹೆಚ್ಚಿಸುತ್ತದೆ ಕೂಡ. ತೆಳ್ಳಗಿನ ಅಲಗು ಆಳಕ್ಕೆ ಇಳಿಯುತ್ತದೆ, ಆದರೆ ಸಿಕ್ಕಿಕೊಳ್ಳುತ್ತದೆ. ಮರ ಕಡಿಯುವ ಕೊಡಲಿಯ ಅಲಗು ತೆಳ್ಳಗಿರುವುದು, ಸೀಳುವ ಕೊಡಲಿಯದು ದಪ್ಪಗಿರುವುದು ಈ ಕಾರಣದಿಂದ.

ಇನ್ನು ಏಟಿನ ಲೆಕ್ಕ. 2 ಕಿಲೋಗ್ರಾಂ ತೂಕದ ಕೊಡಲಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂದು ಬಡಿಯಿತು ಎನ್ನೋಣ. ಆಗ ಅದರಲ್ಲಿ 64 ಜೌಲ್ ಚಲನಶಕ್ತಿ ಇರುತ್ತದೆ. ಇಷ್ಟು ಶಕ್ತಿಯೆಲ್ಲ ಕೇವಲ 2 ಸೆಂಟಿಮೀಟರಿನಲ್ಲಿ ಖರ್ಚಾದರೆ ಮರದ ಮೇಲೆ ಬೀಳುವ ಸರಾಸರಿ ಬಲ 3,200 ನ್ಯೂಟನ್. ಅಂದರೆ 300 ಕಿಲೋಗ್ರಾಮಿಗಿಂತ ಹೆಚ್ಚಿನ ಭಾರವನ್ನು ಅಲಗಿನ ಮೇಲೆ ಇಟ್ಟಂತೆ! ಕೊಡಲಿಯನ್ನು ದಿಮ್ಮಿಯ ಮೇಲಿಟ್ಟು ನೀವೆಷ್ಟು ಒತ್ತಿದರೂ ಇದು ಆಗದು. ಇನ್ನೊಂದು ಮಾತು: ಕೊಡಲಿಯ ತೂಕ ಇಮ್ಮಡಿಯಾದರೆ ಶಕ್ತಿಯೂ ಇಮ್ಮಡಿ, ಆದರೆ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಹಾಗಾಗಿ ಎತ್ತಲಾರದಷ್ಟು ಭಾರದ ಕೊಡಲಿ ಹಿಡಿದು ಒದ್ದಾಡುವುದಕ್ಕಿಂತ, ಹಗುರವಾದದ್ದನ್ನು ಉದ್ದ ಕಾವಿನೊಂದಿಗೆ ವೇಗವಾಗಿ ಬೀಸುವುದು ಮೇಲು. ಅಜ್ಜನಿಗೆ ಈ ಸೂತ್ರ ಗೊತ್ತಿರಲಿಲ್ಲ, ಆದರೆ ಅವರ ಕೊಡಲಿ ಹಾಗೆಯೇ ಇತ್ತು.

ಎಲ್ಲ ಮರವೂ ಒಂದೇ ಏಟಿಗೆ ಸೀಳುವುದಿಲ್ಲ. ಕೊಂಬೆ ಹುಟ್ಟಿದ ಜಾಗದಲ್ಲಿ ನಾರುಗಳು ಸುತ್ತಿಕೊಂಡು ಗಂಟಾಗಿರುತ್ತವೆ. ಹುಣಸೆಯಲ್ಲಂತೂ ನಾರುಗಳು ಒಂದಕ್ಕೊಂದು ಹೆಣೆದುಕೊಂಡಂತೆ ಇರುತ್ತವೆ. ಮಾಂಸದ ಅಂಗಡಿಗಳಲ್ಲಿ ಕೊಚ್ಚುವ ಕೊರಡು ಹುಣಸೆಯದೇ ಆಗಿರುವುದನ್ನು ನೋಡಿದ್ದೀರಾ? ದಿನಕ್ಕೆ ನೂರಾರು ಏಟು ಬಿದ್ದರೂ ಅದು ಸೀಳುವುದಿಲ್ಲ. ಇಂಥ ಕಡೆ ಕಬ್ಬಿಣದ ಬೆಣೆ ಇಟ್ಟು ಸಮ್ಮಟಿಗೆಯಿಂದ ಹೊಡೆಯುತ್ತಾರೆ. ಬೆಣೆ ಕಿತ್ತು ಸಿಕ್ಕಿಬಿದ್ದ ಪಂಚತಂತ್ರದ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಅದು ಬರೀ ಕಥೆಯಲ್ಲ, ಒಳ್ಳೆಯ ಭೌತವಿಜ್ಞಾನ. ಅರ್ಧ ಸೀಳಿದ ದಿಮ್ಮಿಯ ಎರಡು ಹೋಳುಗಳು ಬಾಗಿದ ಬಿಲ್ಲಿನ ಹಾಗೆ ಇರುತ್ತವೆ. ಬೆಣೆ ತೆಗೆದೊಡನೆ ಪಟ್ಟನೆ ಮುಚ್ಚಿಕೊಳ್ಳುತ್ತವೆ. ಸೀಳಿನೊಳಗೆ ಎಂದೂ ಬೆರಳು ಹಾಕಬಾರದು.

ಈಗ ಯಂತ್ರದ ಸರದಿ. ಭಾವ ನೋಡಿಬಂದಿದ್ದ ಯಂತ್ರಗಳು ಎರಡು ಬಗೆಯವು. ಮೊದಲನೆಯದರಲ್ಲಿ ಮೋಟಾರು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ದೊಡ್ಡ ಕೊಳವೆಯೊಳಗಿನ ಕೊಂತವನ್ನು ತಳ್ಳುತ್ತದೆ, ಕೊಂತ ದಿಮ್ಮಿಯನ್ನು ಬೆಣೆಗೆ ಒತ್ತುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತಿಳಿಸಿದ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಇದೇ ತತ್ತ್ವದ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಮಣ್ಣು ತೋಡುವ ಜೆಸಿಬಿಯ ಕೈ ಏಳುವುದೂ ಇದರಿಂದಲೇ.

ನೀವೂ ಮಾಡಿ ನೋಡಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜ್ ತನ್ನಿ, ಒಂದು 5 ಮಿಲಿಲೀಟರಿನದು, ಇನ್ನೊಂದು 20ರದು. ನೀರು ತುಂಬಿ, ಗಾಳಿಗುಳ್ಳೆ ಉಳಿಯದಂತೆ ತೆಳು ಪೈಪಿನಿಂದ ಎರಡನ್ನೂ ಸೇರಿಸಿ. ದೊಡ್ಡದನ್ನು ಗೆಳೆಯ ಹೆಬ್ಬೆರಳಿನಿಂದ ಒತ್ತಿ ಹಿಡಿಯಲಿ, ಚಿಕ್ಕದನ್ನು ನೀವು ಒತ್ತಿ. ಗೆಳೆಯ ಸೋಲುತ್ತಾನೆ! ಆದರೆ ನಿಮ್ಮ ಕೊಂತ ಎಷ್ಟು ದೂರ ಸರಿಯಿತು, ಅವನದು ಎಷ್ಟು ಎಂದು ಅಳೆಯಿರಿ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಂಡಿರುತ್ತೀರಿ. ಮನೆಬಳಕೆಯ ಚಿಕ್ಕ ಸೀಳುಯಂತ್ರವೂ ಐದು ಟನ್ ಭಾರದಷ್ಟು ಬಲ ಹಾಕಬಲ್ಲದು, ಆದರೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ. ನೆಟ್ಟಗಿನ ದಿಮ್ಮಿಯನ್ನು ಅಜ್ಜ ಒಂದೇ ಏಟಿಗೆ ಸೀಳಿಟ್ಟು ಮುಂದಿನದನ್ನು ಎತ್ತುವಷ್ಟರಲ್ಲಿ ಯಂತ್ರ ಇನ್ನೂ ಒತ್ತುತ್ತಲೇ ಇರುತ್ತದೆ. ಗಂಟು ಬಂತೋ, ಗೆಲ್ಲುವುದು ಯಂತ್ರವೇ.

ಎರಡನೆಯ ಬಗೆಯದರಲ್ಲಿ ಚೂಪು ಮೊನೆಯ ದಪ್ಪ ತಿರುಪೊಂದು ಗಿರಗಿರನೆ ತಿರುಗುತ್ತ ಮರದೊಳಗೆ ಕೊರೆದುಕೊಂಡು ಹೋಗುತ್ತದೆ. ಅಗ್ಗ, ವೇಗವೂ ಹೆಚ್ಚು. ಆದರೆ ಅಂಗಿಯ ತೋಳು, ಲುಂಗಿ, ಕೈಗವಸು ಯಾವುದು ತಗುಲಿದರೂ ಸುತ್ತಿಕೊಂಡು ಆಳನ್ನೇ ಎಳೆದುಕೊಳ್ಳುತ್ತದೆ. ಇದು ಬೇಡವೇ ಬೇಡ ಎಂದು ಭಾವನಿಗೆ ಖಡಾಖಂಡಿತವಾಗಿ ಹೇಳಿದೆ.

ಆಮೇಲೆ ಶಕ್ತಿಯ ಲೆಕ್ಕ. ಮನುಷ್ಯನೊಬ್ಬ ತಾಸುಗಟ್ಟಲೆ ಬಿಡದೆ ದುಡಿಯುವಾಗ ಅವನ ಸಾಮರ್ಥ್ಯ ಸುಮಾರು 75 ವಾಟ್. ಒಂದು ಅಶ್ವಸಾಮರ್ಥ್ಯದ ಮೋಟಾರಿನದು 746 ವಾಟ್. ಒಂದು ಯೂನಿಟ್ ವಿದ್ಯುತ್ತು ಎಂದರೆ 36 ಲಕ್ಷ ಜೌಲ್. ಅಷ್ಟು ಕೆಲಸವನ್ನು ಮೈಬಲದಿಂದ ಮಾಡಲು ಹದಿಮೂರು ತಾಸಿಗೂ ಹೆಚ್ಚು ಹೊತ್ತು ಬೇಕು. ಸೊಸೆ ಇದನ್ನು ನಂಬಲಿಲ್ಲ; ಭಾಗಾಕಾರ ಮಾಡಿ ನೋಡಿದ ಮೇಲೆ ಸುಮ್ಮನಾದಳು. ಅಜ್ಜ ಇಡೀ ದಿನ ಬೆವರು ಸುರಿಸಿ ಮಾಡುವ ಕೆಲಸಕ್ಕೆ ವಿದ್ಯುತ್ತಿನ ಬೆಲೆ ಕೆಲವೇ ರೂಪಾಯಿ. ಇದನ್ನು ಕೇಳಿ ಭಾವನಿಗೆ ಸಂತೋಷವಾಯಿತು, ನನಗೇಕೋ ಅಷ್ಟು ಆಗಲಿಲ್ಲ. ಅಲ್ಲದೆ ವರ್ಷಕ್ಕೆ ಹತ್ತು ಹನ್ನೆರಡು ದಿನದ ಕೆಲಸಕ್ಕಾಗಿ ಕೊಂಡ ಯಂತ್ರ ಉಳಿದ ದಿನವೆಲ್ಲ ಮೂಲೆಯಲ್ಲಿ ಕೂರುತ್ತದೆ. ಕರೆಂಟು ಹೋದ ದಿನವೂ ಕೂರುತ್ತದೆ.

ಅಷ್ಟರಲ್ಲಿ ಅಜ್ಜನೇ ಬಂದರು. ವಿಷಯ ಕೇಳಿ ನಕ್ಕು, "ಗಂಟಿದ್ದದ್ದು ಮಷಿನ್ನಿಗೆ ಕೊಡಿ ಒಡೆಯಾ, ನೆಟ್ಟಗಿದ್ದದ್ದು ನಂಗೆ ಬಿಡಿ" ಎಂದರು. ಹಾಗೆಯೇ ಆಯಿತು. ಎಣ್ಣೆ ಒತ್ತುವ ಯಂತ್ರವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದರು. ಯಾವ ದಿಮ್ಮಿ ಎತ್ತ, ಯಾವ ಮಗ್ಗುಲಿನಿಂದ ಸೀಳಬೇಕು ಎಂದು ಹೇಳಿದವರು ಅಜ್ಜನೇ, ಆ ದಿನದ ಕೂಲಿಯೂ ಅವರಿಗೆ ಸಿಕ್ಕಿತು. ಉಳಿದದ್ದನ್ನು ನಾಲ್ಕು ದಿನ ಬೆಳಗಿನ ತಂಪಿನಲ್ಲಿ ನಿಧಾನವಾಗಿ ಕೊಡಲಿಯಲ್ಲೇ ಸೀಳಿದರು.

ಕೊಡಲಿಯೋ ಯಂತ್ರವೋ, ಬೇಗ ಸೀಳುವುದಂತೂ ಮುಖ್ಯ. 20 ಸೆಂಟಿಮೀಟರ್ ಅಡ್ಡಗಲ, 40 ಸೆಂಟಿಮೀಟರ್ ಉದ್ದದ ದಿಮ್ಮಿಯ ಸುತ್ತಿನ ಮೈ ಸುಮಾರು 2,500 ಚದರ ಸೆಂಟಿಮೀಟರ್. ನಾಲ್ಕು ಹೋಳು ಮಾಡಿದರೆ ಹೊಸದಾಗಿ 3,200 ಚದರ ಸೆಂಟಿಮೀಟರ್ ಮೈ ಗಾಳಿಗೆ ತೆರೆದುಕೊಳ್ಳುತ್ತದೆ, ಅದೂ ತೊಗಟೆಯಿಲ್ಲದ ಮೈ. ಸೌದೆಯಲ್ಲಿ ಉಳಿದ ನೀರು ಒಲೆಯಲ್ಲಿ ಆವಿಯಾಗುವಾಗ ಶಾಖವನ್ನು ಕದಿಯುತ್ತದೆ. ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡುವ ಶಾಖದಿಂದ ಸುಮಾರು ಎಂಟು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು! ಹಸಿ ಸೌದೆ ಹೊಗೆಯನ್ನೂ ಹೆಚ್ಚು ಬಿಡುತ್ತದೆ, ಒಲೆಯ ಮುಂದೆ ಕೂರುವವರ ಕಣ್ಣು, ಎದೆಗೆ ತೊಂದರೆ.

ಸೊಸೆ ಒಂದು ಪ್ರಯೋಗ ಮಾಡಿದಳು. ತಲಾ 2 ಕಿಲೋಗ್ರಾಂ ತೂಗುವ ಎರಡು ಹಸಿ ತುಂಡುಗಳಲ್ಲಿ ಒಂದನ್ನು ಅಜ್ಜನಿಂದ ನಾಲ್ಕು ಹೋಳು ಮಾಡಿಸಿ ಕಟ್ಟಿದಳು, ಇನ್ನೊಂದನ್ನು ಇಡಿಯಾಗಿ ಬಿಟ್ಟಳು. ಎರಡನ್ನೂ ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟು ಪ್ರತಿ ಭಾನುವಾರ ತೂಗಿ ಬರೆದುಕೊಂಡಳು. ಮಳೆ ಹಿಡಿಯುವ ಹೊತ್ತಿಗೆ ಸೀಳಿದ್ದು 1 ಕಿಲೋ 400 ಗ್ರಾಂ, ಇಡಿಯದು 1 ಕಿಲೋ 750 ಗ್ರಾಂ ಇತ್ತು. ಆ ಹೆಚ್ಚಿನ ನೀರನ್ನು ಆವಿ ಮಾಡಲು ವ್ಯರ್ಥವಾಗುವ ಶಾಖದಿಂದ ಎಷ್ಟು ಲೀಟರ್ ನೀರು ಕಾಯಿಸಬಹುದಿತ್ತು? ನೀವೇ ಲೆಕ್ಕ ಮಾಡಿ, ನಿಮ್ಮ ಮೇಷ್ಟ್ರಿಗೆ ತೋರಿಸಿ.